ಬಿಳಿ ಸೆರಗು: ತೊಳೆದಷ್ಟೂ ಹೆಚ್ಚಿದ ತೊಂದರೆ

26 ವರ್ಷದ ವಿವಾಹಿತೆಯೊಬ್ಬರು ರಾತ್ರಿ ನಿದ್ರೆ ಬರುತ್ತಿಲ್ಲವೆಂದು ನನ್ನ ಬಳಿ ಬಂದಿದ್ದರು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ಅರ್ಧ ಗಂಟೆ ಬೇರೆ ಮಾತಾದ ಮೇಲೆ ಪುಟ್ಟ ಡೈರಿಯೊಂದನ್ನು ಚೀಲದಿಂದ ತೆಗೆದು, ನನ್ನ ಮುಖ ನೋಡದೆ ಮೇಜಿನ ಮೇಲೆ ಸರಿಸಿದರು. ಬಿಳಿ ಸೆರಗು ಹೋದ ದಿನಗಳಿಗೆಲ್ಲ ಅದರಲ್ಲಿ ಕೆಂಪು ಗೆರೆಯಿತ್ತು. ದೇಹದ ಶಕ್ತಿಯೇ ಸೋರಿಹೋಗುತ್ತಿದೆ ಎಂಬುದು ಅವರ ಭಯವಾಗಿತ್ತು.

ಮುಟ್ಟಿನ ದಿನಾಂಕಗಳೊಂದಿಗೆ ಹೋಲಿಸಿದಾಗ ಮೊದಲ ನಾಲ್ಕು ತಿಂಗಳ ಗೆರೆಗಳ ಲೆಕ್ಕ ತಾನಾಗಿಯೇ ಬಿಡಿಸಿಕೊಂಡಿತು. 28 ದಿನಗಳ ಋತುಚಕ್ರದಲ್ಲಿ ಸುಮಾರು 14ನೆಯ ದಿನ ಅಂಡಾಣು ಬಿಡುಗಡೆಯಾಗುವ ಹೊತ್ತಿಗೆ ಸ್ರಾವ ಹೆಚ್ಚಿ, ಮೊಟ್ಟೆಯ ಲೋಳೆಯಂತೆ ತಿಳಿಯಾಗಿ, ಬೆರಳುಗಳ ನಡುವೆ ಎಳೆಯೆಳೆಯಾಗಿ ಹಿಗ್ಗುತ್ತದೆ; ಅನಂತರ ಗಟ್ಟಿಯಾಗಿ ಬೆಳ್ಳಗಾಗುತ್ತದೆ, ಬಟ್ಟೆಯ ಮೇಲೆ ಒಣಗಿದರೆ ತುಸು ಹಳದಿಯಾಗಿಯೂ ಕಾಣುತ್ತದೆ. ತುರಿಕೆ, ಉರಿ, ದುರ್ವಾಸನೆ ಇಲ್ಲದಿದ್ದರೆ ಇದು ಕಾಯಿಲೆಯಲ್ಲ; ಇದರಿಂದ ನಿಶ್ಶಕ್ತಿಯೂ ಉಂಟಾಗುವುದಿಲ್ಲ.

ಐದನೆಯ ತಿಂಗಳಿನಿಂದ ಮಾತ್ರ ಗೆರೆಗಳು ದಿನವೂ ಇದ್ದವು. ವಿಚಾರಿಸಿದಾಗ, ಅವರು ದಿನಕ್ಕೆರಡು ಬಾರಿ ನಂಜುನಿರೋಧಕ ದ್ರವ ಬೆರೆಸಿದ ನೀರಿನಿಂದ ಯೋನಿಯ ಒಳಭಾಗವನ್ನು ತೊಳೆಯುತ್ತಿದ್ದುದು ತಿಳಿಯಿತು. ಅಲ್ಲಿ ಸಹಜವಾಗಿ ನೆಲೆಸಿರುವ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲವನ್ನು ಸ್ರವಿಸಿ, ಪಿಎಚ್ (ಆಮ್ಲೀಯತೆಯ ಅಳತೆ) ಮಟ್ಟವನ್ನು ಸುಮಾರು 3.8ರಿಂದ 4.5ರೊಳಗೆ ಇರಿಸಿ, ಸೋಂಕನ್ನು ತಡೆಯುತ್ತವೆ. ಕಾವಲಿಗಿದ್ದವರನ್ನೇ ಇವರು ತೊಳೆದು ಹಾಕುತ್ತಿದ್ದರು. ಈಗ ಸ್ರಾವ ನೀರಾಗಿ, ಬೂದು ಬಣ್ಣಕ್ಕೆ ತಿರುಗಿ, ಮೀನಿನ ವಾಸನೆ ಬರುತ್ತಿತ್ತು.

ಒಳಗೆ ತೊಳೆಯುವುದನ್ನು ಅಂದೇ ನಿಲ್ಲಿಸಿ, ಹೊರಭಾಗಕ್ಕೆ ಬರಿಯ ನೀರು ಬಳಸಿರಿ ಎಂದೆ. ಅಂಗಡಿಯಿಂದ ತಾವೇ ಮಾತ್ರೆ ತಂದು ನುಂಗದೆ ಸ್ತ್ರೀರೋಗ ತಜ್ಞರಲ್ಲಿ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದೂ ಒತ್ತಿ ಹೇಳಿದೆ. ಏಕೆಂದರೆ ತುರಿಕೆಯೊಂದಿಗೆ ಮೊಸರಿನ ಗಡ್ಡೆಯಂತೆ ಹೋಗುವುದು ಸಾಮಾನ್ಯವಾಗಿ ಕ್ಯಾಂಡಿಡಾ ಎಂಬ ಶಿಲೀಂಧ್ರದ ಲಕ್ಷಣ, ನೊರೆನೊರೆಯಾದ ಹಳದಿ-ಹಸಿರು ಸ್ರಾವ ಲೈಂಗಿಕ ಸಂಪರ್ಕದಿಂದ ಹರಡುವ ಟ್ರೈಕೊಮೊನಾಸ್ ಎಂಬ ಪರೋಪಜೀವಿಯ ಸೋಂಕಿನದಿರಬಹುದು, ಒಂದರ ಔಷಧ ಇನ್ನೊಂದಕ್ಕೆ ನಾಟುವುದಿಲ್ಲ. ಟ್ರೈಕೊಮೊನಾಸ್ ಆಗಿದ್ದರೆ ಸಂಗಾತಿಗೂ ಚಿಕಿತ್ಸೆ ಬೇಕು. ಕೆಳಹೊಟ್ಟೆ ನೋವು, ಜ್ವರ, ಮುಟ್ಟಿನ ಹೊರತಾದ ರಕ್ತಸ್ರಾವ ಕಂಡರೆ, ಇಲ್ಲವೇ ಗರ್ಭ ನಿಂತಿದ್ದರೆ, ಒಂದು ದಿನವೂ ತಡಮಾಡುವಂತಿಲ್ಲ.

ಪರೀಕ್ಷೆಯಲ್ಲಿ ಇದು ಬ್ಯಾಕ್ಟೀರಿಯಲ್ ವಜೈನೋಸಿಸ್ (ಯೋನಿಯ ಬ್ಯಾಕ್ಟೀರಿಯಾಗಳ ಸಮತೋಲನ ತಪ್ಪುವ ತೊಂದರೆ) ಎಂದು ತಿಳಿಯಿತು. ವೈದ್ಯರು ಏಳು ದಿನಗಳಿಗೆ ಮೆಟ್ರೊನಿಡಜೋಲ್ ಎಂಬ ಪ್ರತಿಜೀವಕ ಔಷಧ ಕೊಟ್ಟರು. “ಮನೆಯವರು ತಪ್ಪು ತಿಳಿದರೆ?” ಎಂದು ಅವರು ಅಳುಕಿದಾಗ, ಈ ತೊಂದರೆ ಬಂದ ಮಾತ್ರಕ್ಕೆ ಯಾರ ನಡತೆಯನ್ನೂ ಶಂಕಿಸಬೇಕಾಗಿಲ್ಲವೆಂದು ಪತಿಯನ್ನೂ ಕರೆಸಿ ವಿವರಿಸಿದೆ. ನಿದ್ರೆ ಕೆಡಿಸಿದ್ದು ಹೆಚ್ಚಾಗಿ ಈ ಅಳುಕೇ ಎಂದು ನನಗನ್ನಿಸಿತು.

ಎರಡು ತಿಂಗಳ ನಂತರ ಬಂದಾಗ ಡೈರಿಯಲ್ಲಿ ಗೆರೆಗಳು ಮತ್ತೆ ತಿಂಗಳ ನಡುವಿಗಷ್ಟೇ ಇದ್ದವು. ಮುಂದಿನ ಮುಟ್ಟು ಯಾವಾಗ ಎಂದು ಅಂದಾಜಿಸಲು ಈಗ ಅವನ್ನು ಹಾಕುತ್ತಿದ್ದಾರೆ.