ಮೊಟ್ಟೆ ಸ್ಯಾಂಡ್‌ವಿಚ್‌ನ ಕ್ಯಾಲೊರಿ ಬಿಡಿ, ಸೋಡಿಯಂ ಎಷ್ಟಿದೆ ನೋಡಿದ್ರಾ?

ವಿರಾಜಪೇಟೆಯಿಂದ ಮೈಸೂರಿಗೆ ಬಂದು ಪಿಜಿ ಸೇರಿದ್ದೀರಿ. ಆಫೀಸ್ ಹತ್ತಿರದ ಚೈನ್ ಅಂಗಡಿಯ ಮೊಟ್ಟೆ-ಚೀಸ್ ಸ್ಯಾಂಡ್‌ವಿಚ್‌ನಲ್ಲಿ ಮುನ್ನೂರು ಚಿಲ್ಲರೆ ಕ್ಯಾಲೊರಿ, 17 ಗ್ರಾಂ ಪ್ರೋಟೀನ್ ಇದೆ, ಮನೆಯ ಅಕ್ಕಿ ಒಟ್ಟಿಗಿಂತ (ನಮ್ಮ ಕೊಡಗಿನ ಅಕ್ಕಿ ರೊಟ್ಟಿ) ಇದೇ ವಾಸಿ, ದಿನಾ ತಿನ್ನಬಹುದಾ ಅಂತ ಕೇಳಿದ್ದೀರಿ. ಓದಿ ನಗು ಬಂತು, ಯಾಕೆಂದರೆ ಇದೇ ಮಾತು ಹೇಳಿ ನಾನು ನನ್ನ ಹೆಂಡತಿಯ ಬಾಯಿ ಮುಚ್ಚಿಸಿದ್ದೆ.

ನಂದು ಗೋಣಿಕೊಪ್ಪದಲ್ಲಿ ಪಂಪ್‌ಸೆಟ್, ಸ್ಪ್ರಿಂಕ್ಲರ್ ಸಾಮಾನಿನ ಸಣ್ಣ ಅಂಗಡಿ. ಫೆಬ್ರವರಿ ಮಾರ್ಚ್‌ನಲ್ಲಿ ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಕೈಕೊಟ್ಟರೆ ರೋಬಸ್ಟಾ ಕಾಫಿ ತೋಟದವರೆಲ್ಲ ಒಟ್ಟಿಗೇ ನೀರು ಹಾಯಿಸಲು ಶುರು ಮಾಡುತ್ತಾರೆ, ಆಗ ಯಾರದ್ದೋ ನಾಜಲ್ ಕಟ್ಟಿರುತ್ತದೆ, ಯಾರದ್ದೋ ಪಂಪಿನ ಸೀಲ್ ಹೋಗಿರುತ್ತದೆ, ಎಲ್ಲರಿಗೂ ಇವತ್ತೇ ಬೇಕು. ನಾನು ಬೆಳಕು ಹರಿಯುವ ಮೊದಲೇ ವ್ಯಾನ್ ಹತ್ತಿ ತಿತಿಮತಿ, ಹುಣಸೂರು ದಾಟಿ ಮೈಸೂರಿಗೆ ಹೋಗಿ ಸಾಮಾನು ತರಬೇಕು. ಮನೆಯಲ್ಲಿ ತಿಂಡಿ ಆಗುವ ಹೊತ್ತಿಗೆ ನಾನು ಅರ್ಧ ದಾರಿಯಲ್ಲಿ. ಹಾಗಾಗಿ ಊರು ಹೊಕ್ಕ ಕೂಡಲೇ ಸಿಗುವ ಒಂದು ಚೈನ್ ಅಂಗಡಿಯ ಸ್ಯಾಂಡ್‌ವಿಚ್ ಅಭ್ಯಾಸವಾಯಿತು. ಮೊಟ್ಟೆ, ಚೀಸ್, ಕೆಲವು ದಿನ ಸಾಸೇಜ್. ಒಂದು ಕೈಯಲ್ಲಿ ಹಿಡಿದು ತಿನ್ನಬಹುದು, ಗ್ರೇವಿ ಅಂಗಿಗೆ ಬೀಳುವುದಿಲ್ಲ. ಅಷ್ಟೇ ಕಾರಣ, ಬೇರೆ ಏನೂ ಇಲ್ಲ.

ಆಗಲೇ ನನಗೆ ಸಣ್ಣಗೆ ಬಿಪಿ ಇತ್ತು. ಡಾಕ್ಟರ್ ಉಪ್ಪು ಕಡಿಮೆ ಮಾಡಿ ಅಂದಿದ್ದರು. ನಾನು ಶಿಸ್ತಿನ ಮನುಷ್ಯ, ಮನೆಯಲ್ಲಿ ಉಪ್ಪಿನಕಾಯಿ ಬಂದ್, ಹಪ್ಪಳ ಬಂದ್, ಸಾರಿಗೂ ಉಪ್ಪು ಅರ್ಧ. ಮಕ್ಕಳು ಮುಖ ಸಿಂಡರಿಸಿಕೊಂಡು ಊಟ ಮಾಡುತ್ತಿದ್ದರು. ಸ್ಯಾಂಡ್‌ವಿಚ್ ಬಗ್ಗೆ ಹೆಂಡತಿ ಕೇಳಿದಾಗ ಮೊಬೈಲ್ ತೆಗೆದು ಆ ಅಂಗಡಿಯ ಪೋಷಕಾಂಶದ ಪಟ್ಟಿಯನ್ನೇ ತೋರಿಸಿದೆ. ನೋಡು, ಸೋಡಿಯಂ (ಉಪ್ಪಿನಲ್ಲಿರುವುದು ಅದೇ) ಇಷ್ಟೇ.

ಇಲ್ಲೇ ನಾನು ಎಡವಿದ್ದು. ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ನೀವೂ ಮೊಬೈಲಲ್ಲೇ ನೋಡಿರುತ್ತೀರಿ. ಆ ಪಟ್ಟಿಯಲ್ಲಿ ಎರಡು ಕಾಲಂ ಇತ್ತು. ಎಡಗಡೆ 100 ಗ್ರಾಂಗೆ ಎಷ್ಟು, ಬಲಗಡೆ ಒಂದು ಇಡೀ ಸ್ಯಾಂಡ್‌ವಿಚ್‌ಗೆ ಎಷ್ಟು. ಅಕ್ಷರ ಎಷ್ಟು ಸಣ್ಣದು ಅಂದರೆ ದೊಡ್ಡದು ಮಾಡಿಯೇ ಓದಬೇಕು. ದೊಡ್ಡದು ಮಾಡಿದರೆ ಬಲಗಡೆಯ ಕಾಲಂ ಸ್ಕ್ರೀನಿನಿಂದ ಆಚೆ ಹೋಗುತ್ತದೆ. ಉಳಿಯುವುದು ಹೆಸರು, ಅದರ ಪಕ್ಕ ಒಂದು ಅಂಕಿ. ನಾನು ಆ ಅಂಕಿಯನ್ನೇ ಇಡೀ ಸ್ಯಾಂಡ್‌ವಿಚ್‌ನದ್ದು ಅಂದುಕೊಂಡೆ. ಮೇಲೆ ಕಾಲಂ ತಲೆಯಲ್ಲಿ 100 ಗ್ರಾಂ ಅಂತ ಇತ್ತಾ ಅಂದರೆ ಇತ್ತು, ಆದರೆ ಕೆಳಗೆ ಸೋಡಿಯಂ ಸಾಲಿಗೆ ಬರುವಷ್ಟರಲ್ಲಿ ತಲೆಬರಹ ಮೇಲೆ ಸರಿದು ಹೋಗಿತ್ತು. ಇನ್ನು 100 ಗ್ರಾಂ ಅಂದರೆ ಕೈಯಲ್ಲಿರುವ ಒಂದು ಸ್ಯಾಂಡ್‌ವಿಚ್ ಅಷ್ಟೇ ಇರಬಹುದು ಅನ್ನುವ ಅಂದಾಜು ಬೇರೆ. ಕರಿಮೆಣಸನ್ನು ಗ್ರಾಂ ಲೆಕ್ಕದಲ್ಲಿ ತೂಗುವ ಮನೆಯಲ್ಲಿ ಹುಟ್ಟಿ ಇದನ್ನು ಒಮ್ಮೆಯೂ ತೂಗಲಿಲ್ಲ.

ಉದಾಹರಣೆಗೆ ಎಲ್ಲರಿಗೂ ಗೊತ್ತಿರುವ ಮೆಕ್‌ಡೊನಾಲ್ಡ್ಸ್ ಎಗ್ ಮೆಕ್‌ಮಫಿನ್ ತಗೊಳ್ಳಿ (ನಾನು ತಿಂದದ್ದು ಅವರದ್ದಲ್ಲ, ಇದು ಲೆಕ್ಕಕ್ಕೆ ಮಾತ್ರ). ಅಮೆರಿಕದ ಅಂಕಿ ಪ್ರಕಾರ ಒಂದಕ್ಕೆ ಸುಮಾರು 136 ಗ್ರಾಂ ತೂಕ, 310 ಕ್ಯಾಲೊರಿ, 17 ಗ್ರಾಂ ಪ್ರೋಟೀನ್, 13 ಗ್ರಾಂ ಕೊಬ್ಬು, ಸೋಡಿಯಂ ಸುಮಾರು 770 ಮಿಲಿಗ್ರಾಂ. ಇದನ್ನೇ 100 ಗ್ರಾಂ ಲೆಕ್ಕದಲ್ಲಿ ಬರೆದರೆ ಕ್ಯಾಲೊರಿ 228 ಆಸುಪಾಸು, ಸೋಡಿಯಂ 566 ಆಸುಪಾಸು. ಅಂದರೆ ಎಡಗಡೆ ಕಾಲಂ ನೋಡಿದವನಿಗೆ 200 ಮಿಲಿಗ್ರಾಂ ಸೋಡಿಯಂ ಕಾಣದೇ ಹೋಗುತ್ತದೆ. ಅದೂ ಒಂದು ತಿಂದರೆ. ನಾನು ಹಸಿವಾದ ದಿನ ಎರಡು ತಿನ್ನುತ್ತಿದ್ದೆ.

ಗೊತ್ತಾಗಿದ್ದು ಹೇಗೆ ಅಂದರೆ, ಟರ್ಮ್ ಇನ್ಶೂರೆನ್ಸ್ ಮಾಡಿಸಲು ಹೋದೆ. ಮನೆಗೇ ಬಂದು ರಕ್ತ ತೆಗೆದುಕೊಂಡು ಬಿಪಿ ನೋಡಿಕೊಂಡು ಹೋದರು. ಆಮೇಲೆ ಪ್ರೀಮಿಯಂ ಏರಿಸಿ ಕಾಗದ ಕಳಿಸಿದರು, ಒಪ್ಪಿಗೆ ಇದ್ದರೆ ಸಹಿ ಹಾಕಿ ಅಂತ. ಸಹಿ ಹಾಕಿದೆ, ಈಗಲೂ ಆ ಹೆಚ್ಚಿನ ದುಡ್ಡು ಕಟ್ಟುತ್ತಲೇ ಇದ್ದೇನೆ. ಡಾಕ್ಟರ್ ಮಾತ್ರೆಯ ಪವರ್ ಜಾಸ್ತಿ ಮಾಡಿದರು, ಏನೇನು ತಿನ್ನುತ್ತೀರಿ ಬರೆದು ತನ್ನಿ ಅಂದರು. ಬರೆದು ಕೊಟ್ಟ ಕಾಗದದಲ್ಲಿ ಸ್ಯಾಂಡ್‌ವಿಚ್ ಸಾಲಿನ ಮೇಲೆ ಬೆರಳಿಟ್ಟು, ಇದರ ತೂಕ ಎಷ್ಟು ಅಂತ ಒಂದೇ ಪ್ರಶ್ನೆ ಕೇಳಿದರು. ಮರುದಿನ ಒಂದನ್ನು ಮನೆಗೆ ತಂದು ಮೆಣಸಿನ ತಕ್ಕಡಿ ಮೇಲೆ ಇಟ್ಟೆ. ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ಏನೂ ಹೇಳಲಿಲ್ಲ, ಆದರೆ ಸಂಜೆಯ ಸಾರಿಗೆ ಎಲ್ಲರ ತಟ್ಟೆಗೂ ಉಪ್ಪು ಮೊದಲಿನ ಹಾಗೇ ಇತ್ತು.

ಬಿಪಿ ಏರಿದ್ದು ಸ್ಯಾಂಡ್‌ವಿಚ್‌ನಿಂದ ಮಾತ್ರ ಅಂತ ನಾನು ಹೇಳುವುದಿಲ್ಲ, ಡಾಕ್ಟರೂ ಹೇಳಲಿಲ್ಲ. ಅಪ್ಪನಿಗೂ ಬಿಪಿ ಇತ್ತು, ನಾನು ನಡೆಯುವುದು ಅಂಗಡಿಯಿಂದ ವ್ಯಾನ್‌ವರೆಗೆ ಮಾತ್ರ. ಆದರೆ ಮನೆಯವರನ್ನೆಲ್ಲ ಸಪ್ಪೆ ಊಟಕ್ಕೆ ಕೂರಿಸಿ ನಾನು ದಾರಿಯಲ್ಲಿ ಅದನ್ನೆಲ್ಲ ವಾಪಸ್ ತಿನ್ನುತ್ತಿದ್ದೆ ಅನ್ನುವುದು ಮಾತ್ರ ನಿಜ.

ಈಗ ನಿಮ್ಮ ಪ್ರಶ್ನೆ. ಅಕ್ಕಿ ಒಟ್ಟಿ ಮೇಲಾ, ಇದು ಮೇಲಾ ಅಂತ ತೂಗುವುದೇ ಸರಿಯಿಲ್ಲ ಅನ್ನುತ್ತೇನೆ ನಾನು. ಕ್ಯಾಲೊರಿ ಬೋರ್ಡ್ ಮೇಲೆ ದೊಡ್ಡದಾಗಿ ಕಾಣುತ್ತದೆ, ಯಾಕೆಂದರೆ ಹತ್ತು ಅಥವಾ ಅದಕ್ಕಿಂತ ಜಾಸ್ತಿ ಕಡೆ ಅಂಗಡಿ ಇರುವವರು ಅದನ್ನು ಮೆನುವಿನಲ್ಲಿ ಹಾಕಲೇಬೇಕು ಅಂತ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮ ಇದೆ. ನಮಗೆ ಕಣ್ಣಿಗೆ ಬಿದ್ದದ್ದೇ ಮುಖ್ಯ ಅನಿಸಿಬಿಡುತ್ತದೆ. ಮುನ್ನೂರು ಕ್ಯಾಲೊರಿ ತಿಂಡಿಗೆ ಜಾಸ್ತಿಯೇನಲ್ಲ, ಆ ಮಟ್ಟಿಗೆ ನೀವು ಹೇಳಿದ್ದು ಸರಿ. ಸೋಡಿಯಂ ನೋಡಿ. ದಿನಕ್ಕೆ 2000 ಮಿಲಿಗ್ರಾಂ ಒಳಗೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ 5 ಗ್ರಾಂ ಉಪ್ಪು, ಒಂದು ಟೀ ಚಮಚಕ್ಕಿಂತ ಕಡಿಮೆ. 770 ಅಂದರೆ ಅದರಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ, ಬೆಳಗ್ಗೆ ಒಂಬತ್ತು ಗಂಟೆಗೇ ಖರ್ಚು. ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಸಿಗುತ್ತದೆ, 770ಕ್ಕೆ ಸುಮಾರು 1.9 ಗ್ರಾಂ.

ಬಾಯಿಗೆ ಉಪ್ಪು ಅನಿಸುವುದೇ ಇಲ್ಲ, ಅದೇ ಮೋಸ. ಮೊಟ್ಟೆ ಪಾಪದ್ದು, ಒಂದರಲ್ಲಿ ಸುಮಾರು 70 ಮಿಲಿಗ್ರಾಂ ಸೋಡಿಯಂ ಅಷ್ಟೇ. ಉಳಿದದ್ದು ಬ್ರೆಡ್ ಹಿಟ್ಟಿನಲ್ಲಿ, ಮಾಂಸದಲ್ಲಿ, ಚೀಸ್ ಸ್ಲೈಸ್‌ನಲ್ಲಿ ಅಡಗಿರುತ್ತದೆ. ಚೀಸ್ ಒಡೆಯದೆ ನುಣ್ಣಗೆ ಕರಗಲಿ ಅಂತ ಸೋಡಿಯಂ ಸಿಟ್ರೇಟ್, ಸೋಡಿಯಂ ಫಾಸ್ಫೇಟ್ ಹಾಕುತ್ತಾರೆ, ಅದು ಅಡುಗೆ ಉಪ್ಪಿನ ಮೇಲೆ ಬೇರೆ. ಸಾಸೇಜ್ ಸೇರಿದರೆ ಕಥೆಯೇ ಬೇರೆ. ಅದೇ ಅಮೆರಿಕದ ಲೆಕ್ಕದಲ್ಲಿ ಸಾಸೇಜ್-ಮೊಟ್ಟೆ ಮೆಕ್‌ಮಫಿನ್ 480 ಕ್ಯಾಲೊರಿ, ಕೊಬ್ಬು ಸುಮಾರು 30 ಗ್ರಾಂ. ಇದರ ಜೊತೆ ಕಾಂಬೋ ಅಂತ ಆಲೂಗಡ್ಡೆ ಹ್ಯಾಶ್ ಬ್ರೌನ್ ತಗೊಂಡರೆ ನೀವು ಹೇಳಿದ 300 ಎಲ್ಲಿ ಉಳಿಯಿತು?

ಹಾಗಂತ ಮನೆಯದ್ದೆಲ್ಲ ಅಮೃತ ಅಂತ ನಾನು ಹೇಳುತ್ತಿಲ್ಲ. ಅಕ್ಕಿ ಒಟ್ಟಿಯಲ್ಲಿ ಪ್ರೋಟೀನ್ ಕಮ್ಮಿ, ಒಪ್ಪಿದೆ. ಅದರ ಜೊತೆ ಪಂದಿ (ಹಂದಿ ಮಾಂಸದ) ಉಪ್ಪಿನಕಾಯಿ ಬಡಿಸಿಕೊಂಡರೆ ಸ್ಯಾಂಡ್‌ವಿಚ್‌ಗೆ ಬೈಯುವ ಹಕ್ಕೇ ಇಲ್ಲ. ಎಳ್ಳು ಪಜ್ಜಿಯನ್ನೂ (ಎಳ್ಳಿನ ಚಟ್ನಿ) ಉಪ್ಪು ಹದ ನೋಡಿ ಅರೆಯಬೇಕು. ಅವ್ವ ಇದ್ದಾಗ ಒಟ್ಟಿಯ ಮೇಲೆ ಜೇನು ಹಾಕಿ ಕೊಡುತ್ತಿದ್ದಳು, ಅದು ಈಗಿನ ಡಯಟ್‌ನವರಿಗೆ ಆಗುವುದಿಲ್ಲ ಬಿಡಿ.

ನಿಮಗೆ ಬೇಕಿರುವುದು ಪ್ರೋಟೀನ್ ತಾನೇ? ಎರಡು ಬೇಯಿಸಿದ ಮೊಟ್ಟೆಯಲ್ಲಿ 12 ಗ್ರಾಂ ಸಿಗುತ್ತದೆ, ಸುಮಾರು 150 ಕ್ಯಾಲೊರಿ, ಸೋಡಿಯಂ 140. ಮೂರು ತಿಂದರೆ ಸ್ಯಾಂಡ್‌ವಿಚ್‌ನ 17 ಗ್ರಾಂ ದಾಟಿತು. ಮೊಟ್ಟೆ ಬೇಯಿಸುವ ಕರೆಂಟ್ ಡಬ್ಬ ಸಿಗುತ್ತದೆ, ಪಿಜಿಯ ಓನರ್ ಬೇಡ ಅಂದರೆ ಕೆಳಗಿನ ಟೀ ಅಂಗಡಿಯವನಿಗೆ ಹೇಳಿಟ್ಟರೆ ಅವನೇ ಬೇಯಿಸಿ ಇಡುತ್ತಾನೆ, ಮೈಸೂರಲ್ಲಿ ಇದು ಕಷ್ಟವೇನಲ್ಲ. ಸ್ಯಾಂಡ್‌ವಿಚ್ ತಿನ್ನಲೇಬೇಕು ಅನಿಸಿದ ದಿನ ಚೀಸ್ ಬೇಡ, ಸಾಸೇಜ್ ಬೇಡ ಅಂತ ಹೇಳಿ ತಗೊಳ್ಳಿ, ಕೌಂಟರ್‌ನವರು ಒಂದು ಥರ ನೋಡುತ್ತಾರೆ, ನೋಡಲಿ. ಮತ್ತೆ ಆ 17 ಗ್ರಾಂ ಎಲ್ಲಿಂದ ತಗೊಂಡಿರೋ ಆ ಪಟ್ಟಿಯನ್ನು ಇನ್ನೊಮ್ಮೆ ತೆಗೆದು ಮೊಬೈಲ್ ಅಡ್ಡ ಹಿಡಿದು ನೋಡಿ. ಬಲಗಡೆ ಸೋಡಿಯಂ ಎಷ್ಟಿದೆ ಅಂತ ಇಲ್ಲಿ ಬರೆಯಿರಿ, ಆಮೇಲೆ ಮಾತಾಡೋಣ.