ಆಕ್ಟಿವೇಟೆಡ್ ಚಾರ್ಕೋಲ್ ಪುಡಿ ಕುಡಿದರೆ ಹೊಟ್ಟೆ ಕ್ಲೀನ್ ಆಗುತ್ತಾ? ಹಲ್ಲಿಗೆ, ಮುಖಕ್ಕೂ ಹಾಕಬಹುದಾ?

ಆನ್‌ಲೈನಲ್ಲಿ ಒಂದು ಪ್ಯಾಕೆಟ್ ತರಿಸಿದ್ದೀರಿ. ದಿನಾ ಬೆಳಗ್ಗೆ ಒಂದು ಚಮಚ ನೀರಿಗೆ ಹಾಕಿ ಕುಡಿಯುವುದು, ಉಳಿದದ್ದರಲ್ಲಿ ಹಲ್ಲುಜ್ಜಿ ಫೇಸ್‌ಪ್ಯಾಕ್ ಹಾಕುವುದು ನಿಮ್ಮ ಲೆಕ್ಕ. ಕೊನೆಯಲ್ಲಿ ‘ಥೈರಾಯ್ಡ್ ಮಾತ್ರೆ ತಗೋತೀನಿ’ ಅಂತ ಸುಮ್ನೆ ಒಂದು ಸಾಲು ಸೇರಿಸಿದ್ದೀರಿ. ನಾನು ಮೆಡಿಕಲ್ ಶಾಪಿನಲ್ಲಿ ಫಾರ್ಮಸಿಸ್ಟ್. ಎಲ್ಲಕ್ಕಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದೇ ಆ ಸಾಲು. ದಯವಿಟ್ಟು ಕುಡಿಯಬೇಡಿ.

ಯಾಕೆ ಅಂತ ಹೇಳುತ್ತೇನೆ. ತೆಂಗಿನ ಕರಟವನ್ನೋ ಮರವನ್ನೋ ಸುಟ್ಟು ಇದ್ದಿಲು ಮಾಡಿ, ಅದನ್ನು ಮತ್ತೆ ವಿಪರೀತ ಬಿಸಿಯಲ್ಲಿ ಹಬೆ ಹಾಯಿಸಿ ಕಾಯಿಸಿದರೆ ಒಳಗೆಲ್ಲ ಕಣ್ಣಿಗೆ ಕಾಣದ ತೂತುಗಳಾಗುತ್ತವೆ. ಒಂದು ಗ್ರಾಂ ಪುಡಿಯ ಒಳಮೈಯನ್ನು ಬಿಡಿಸಿ ಹಾಸಿದರೆ ಸಾವಿರ ಚದರ ಮೀಟರ್ ಆಸುಪಾಸು ಆಗಬಹುದು. (ಒಲೆಯ ಇದ್ದಿಲು ಕುಟ್ಟಿದರೆ ಇದಾಗುವುದಿಲ್ಲ. ಇದನ್ನೂ ತುಂಬಾ ಜನ ಕೇಳುತ್ತಾರೆ.) ಹತ್ತಿರ ಬಂದದ್ದು ಆ ತೂತುಗಳಿಗೆ ಅಂಟಿಕೊಳ್ಳುತ್ತದೆ. ಆದರೆ ವಿಷ ಯಾವುದು, ಔಷಧಿ ಯಾವುದು ಅಂತ ಇದ್ದಿಲಿಗೆ ಗೊತ್ತಾಗುವುದಿಲ್ಲ. ಬೆಳಗ್ಗೆ ಖಾಲಿ ಹೊಟ್ಟೆಗೆ ನುಂಗಿದ ಥೈರಾಯ್ಡ್ ಮಾತ್ರೆಯ ಹಿಂದೆಯೇ ಇದನ್ನು ಕುಡಿದರೆ ಮಾತ್ರೆ ರಕ್ತಕ್ಕೆ ಸೇರದೆ ಇದ್ದಿಲಿನ ಜೊತೆ ಹೊರಗೆ ಹೋಗಬಹುದು. ಗರ್ಭನಿರೋಧಕ ಮಾತ್ರೆ, ಫಿಟ್ಸ್ ಮಾತ್ರೆಗೂ ಇದೇ ಗತಿ.

‘ದೇಹದ ಟಾಕ್ಸಿನ್ ಎಳೆದು ಹಾಕುತ್ತೆ’ ಅನ್ನುವುದು ಜಾಹೀರಾತಿನ ಮಾತು. ಯಾವ ಟಾಕ್ಸಿನ್ ಅಂತ ಕೇಳಿ ನೋಡಿ, ಹೆಸರು ಹೇಳುವುದಿಲ್ಲ. ಆ ಕೆಲಸವನ್ನು ಲಿವರ್ ಮತ್ತು ಕಿಡ್ನಿ ಆಗಲೇ ಮಾಡುತ್ತಿವೆ. ರಾತ್ರಿಯ ಎಣ್ಣೆ ಪಾರ್ಟಿಗೆ ಇದು ಮದ್ದು ಅನ್ನುವವರೂ ಇದ್ದಾರೆ. ಆಲ್ಕೋಹಾಲ್ ಇದಕ್ಕೆ ಸರಿಯಾಗಿ ಅಂಟುವುದೇ ಇಲ್ಲ!

ಗ್ಯಾಸ್‌ಗೆ ಸ್ವಲ್ಪ ಮಟ್ಟಿಗೆ ಉಪಯೋಗ ಇರಬಹುದು. ಊಟಕ್ಕೆ ಅರ್ಧ ಗಂಟೆ ಮೊದಲು ಒಂದು ಗ್ರಾಂ, ಊಟ ಆದಮೇಲೆ ಇನ್ನೊಂದು ಗ್ರಾಂ ತೆಗೆದುಕೊಂಡರೆ ಹೊಟ್ಟೆ ಗ್ಯಾಸ್ ಕಡಿಮೆಯಾಗುತ್ತದೆ ಅಂತ ಪ್ಯಾಕೆಟ್ ಮೇಲೆ ಬರೆದುಕೊಳ್ಳಲು ಯುರೋಪಿನಲ್ಲಿ ಅನುಮತಿ ಇದೆ. ನಮ್ಮಲ್ಲಿ ಸಿಗುವ ಕಪ್ಪು ಯುನಿಎಂಜೈಮ್ ಮಾತ್ರೆಯಲ್ಲಿ ಇರುವ ಚಾರ್ಕೋಲ್ 75 ಮಿಲಿಗ್ರಾಂ, ಜೊತೆಗೆ ಜೀರ್ಣದ ಎಂಜೈಮ್‌ಗಳು. ಲೆಕ್ಕ ನೀವೇ ಹಾಕಿ. ಜಾಸ್ತಿ ತಗೊಂಡರೆ ಮಲಬದ್ಧತೆ ಆಗುತ್ತದೆ, ಮಲ ಕಪ್ಪಾಗುತ್ತದೆ. ಒಳಗೆಲ್ಲಾದರೂ ರಕ್ತ ಸೋರಿದಾಗಲೂ ಮಲ ಕಪ್ಪಾಗುವುದರಿಂದ ಅದು ಗೊತ್ತಾಗದೆ ಹೋಗುವ ಭಯವೂ ಇದೆ.

ಆಸ್ಪತ್ರೆಯಲ್ಲಿ ಇದಕ್ಕೆ ನಿಜವಾದ ಕೆಲಸ ಇದೆ. ಯಾರಾದರೂ ಮಾತ್ರೆ ಜಾಸ್ತಿ ನುಂಗಿದ್ದರೆ, ಒಂದು ಗಂಟೆಯೊಳಗೆ ಬಂದರೆ, ದೊಡ್ಡವರಿಗೆ ಸಾಮಾನ್ಯವಾಗಿ 50 ಗ್ರಾಂ ಕೊಡುತ್ತಾರೆ. ಅಲ್ಲೂ ಪವಾಡ ಏನಿಲ್ಲ. ಶ್ರೀಲಂಕಾದಲ್ಲಿ ಕೀಟನಾಶಕ, ಹಳದಿ ಕಣಗಿಲೆ ಬೀಜ ಮುಂತಾದ ವಿಷ ಸೇವಿಸಿದ 4,600ಕ್ಕೂ ಹೆಚ್ಚು ಜನರ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಚಾರ್ಕೋಲ್ ಕೊಟ್ಟವರಿಗೂ ಕೊಡದವರಿಗೂ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸೀಮೆಎಣ್ಣೆ, ಆಸಿಡ್ ಕುಡಿದವರಿಗೆ ಕೊಡಲೇಬಾರದು. ಅದಕ್ಕೇ, ಯಾರಾದರೂ ವಿಷ ಕುಡಿದರೆ ಮನೆಯಲ್ಲಿ ಪುಡಿ ಕಲಸುತ್ತಾ ಕೂರದೆ ಆಸ್ಪತ್ರೆಗೆ ಓಡಿ.

ಇನ್ನು ಹಲ್ಲು. ‘ನಮ್ಮಜ್ಜಿ ಇದ್ದಿಲಲ್ಲೇ ಉಜ್ಜುತ್ತಿದ್ದರು, ಹಲ್ಲು ಕಲ್ಲಿನಂತಿತ್ತು’ ಅಂತ ಅಂಗಡಿಯಲ್ಲಿ ವಾದ ಮಾಡುವವರಿಗೆ ಬರವಿಲ್ಲ. ಅಜ್ಜಿ ದಿನಾ ಎಷ್ಟು ಸಕ್ಕರೆ ತಿನ್ನುತ್ತಿದ್ದರು ಅಂತ ಯಾರೂ ಹೇಳುವುದಿಲ್ಲ! ಇದ್ದಿಲು ಉಜ್ಜಿದರೆ ಕಾಫಿ, ಎಲೆಅಡಿಕೆಯಿಂದ ಹಲ್ಲಿನ ಮೇಲೆ ಕೂತ ಕಲೆ ಹೋಗುವುದು ನಿಜ. ಹೋಗುವುದು ತಿಕ್ಕಿದ್ದಕ್ಕೆ. ದಿನಾ ತಿಕ್ಕಿದರೆ ಹಲ್ಲಿನ ಗಟ್ಟಿ ಹೊರಪದರ, ಅಂದರೆ ಎನಾಮಲ್, ಸವೆಯುತ್ತದೆ, ಅದು ಮತ್ತೆ ಬೆಳೆಯುವುದಿಲ್ಲ. ಅದರ ಕೆಳಗಿರುವ ಡೆಂಟಿನ್‌ನ ಬಣ್ಣವೇ ಹಳದಿ. ಅಂದರೆ ಬೆಳ್ಳಗಾಗಲಿ ಅಂತ ಉಜ್ಜಿದಷ್ಟೂ ಮುಂದೆ ಹಳದಿ ಜಾಸ್ತಿ ಕಾಣುತ್ತದೆ. ಪಾವಗಡ, ಬಾಗೇಪಲ್ಲಿ ಕಡೆಯವರಿಗೆ ನೀರಿನ ಫ್ಲೋರೈಡ್‌ನಿಂದ ಬರುವ ಕಂದು ಕಲೆ ಎನಾಮಲ್ ಒಳಗೇ ಕೂತಿರುತ್ತದೆ, ಅದನ್ನು ಯಾವ ಪುಡಿಯೂ ಉಜ್ಜಿ ತೆಗೆಯಲಾರದು. ನಿಮಗೆ ಹಲ್ಲು ತುಂಬಿಸಿದ್ದರೆ ಅದರ ಅಂಚಿನಲ್ಲಿ ಕಪ್ಪು ಗೆರೆ ಕೂರಬಹುದು. ವರ್ಷಕ್ಕೊಮ್ಮೆ ದಂತವೈದ್ಯರ ಹತ್ತಿರ ಕ್ಲೀನಿಂಗ್ ಮಾಡಿಸಿ, ಸಾಕು.

ಮುಖಕ್ಕೆ ತೊಳೆಯುವ ಪ್ಯಾಕ್ ಆದರೆ ಎಣ್ಣೆ ಜಿಡ್ಡು ಸ್ವಲ್ಪ ಹೋಗಬಹುದು. ಕಡಲೆಹಿಟ್ಟೂ ಅಷ್ಟು ಮಾಡುತ್ತದೆ. ಕಿತ್ತು ತೆಗೆಯುವ ಕಪ್ಪು ಮಾಸ್ಕ್ ಮಾತ್ರ ಬೇಡ, ಅದರ ಅಂಟು ಕೂದಲು, ಚರ್ಮದ ಮೇಲ್ಪದರ ಎಲ್ಲವನ್ನೂ ಎಳೆದುಕೊಂಡು ಬರುತ್ತದೆ. ಮೂಗಿನ ಮೇಲಿನ ಕಪ್ಪು ಚುಕ್ಕೆಗೆ ಸ್ಯಾಲಿಸಿಲಿಕ್ ಆಸಿಡ್ ಇರುವ ಫೇಸ್‌ವಾಶ್ ವಾಸಿ.

ದುಡ್ಡು ಕೊಟ್ಟು ತಂದ ಪುಡಿ ದಂಡ ಆಯಿತಲ್ಲ ಅನ್ನಬೇಡಿ. ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ ಶೂ ರ‍್ಯಾಕಿನಲ್ಲಿ ಇಡಿ, ವಾಸನೆ ಹೀರುತ್ತದೆ. ಈಗಾಗಲೇ ಕೆಲವು ವಾರ ಕುಡಿದಿದ್ದರೆ ಟಿಎಸ್‌ಎಚ್ ಪರೀಕ್ಷೆ (ಥೈರಾಯ್ಡ್‌ನ ರಕ್ತಪರೀಕ್ಷೆ) ಯಾವಾಗ ಮಾಡಿಸಬೇಕು ಅಂತ ನಿಮ್ಮ ಡಾಕ್ಟರನ್ನು ಕೇಳಿ, ಈ ಪುಡಿಯ ವಿಷಯವನ್ನೂ ಅವರಿಗೆ ಹೇಳಿ.