ಮೂರು ವರ್ಷದ ಮಗುನ ಅಂಗನವಾಡಿಗೆ ಹಾಕೋ ಮುಂಚೆ ಏನು ನೋಡ್ಬೇಕು?

ಸೋಮವಾರಪೇಟೆಗೆ ಟ್ರಾನ್ಸ್‌ಫರ್ ಆಗಿದೆ, ಮೂರು ವರ್ಷದ ಮಗಳನ್ನ ಜೂನಲ್ಲಿ ಅಂಗನವಾಡಿಗೆ ಹಾಕ್ಲಾ ಪ್ಲೇಹೋಮ್‌ಗಾ, ಏನು ನೋಡಿ ಸೇರಿಸ್ಬೇಕು ಅಂತ ಕೇಳಿದೀರ. ನಾನು ಸಿದ್ದಾಪುರದ ಕಡೆ ಅಂಗನವಾಡಿ ಟೀಚರ್, 14 ವರ್ಷ ಆಯ್ತು, ಬರೋದೆಲ್ಲ ಹೆಚ್ಚಾಗಿ ತೋಟದ ಲೈನ್‌ಮನೆ ಮಕ್ಕಳು. ಎರಡರಲ್ಲಿ ಯಾವುದಾದ್ರೂ ಸರಿ, ಆದ್ರೆ ಸೇರಿಸೋಕೆ ಮುಂಚೆ ಒಂದಿನ ಮಕ್ಕಳು ಊಟಕ್ಕೆ ಕೂರೋ ಹೊತ್ತಿಗೆ ಹೋಗಿ ಕೂತು ನೋಡಿ. ಗೋಡೆ ಮೇಲಿನ ಚಿತ್ರ, ಜಾರುಬಂಡೆ ಎಲ್ಲ ಆಮೇಲೆ.

ಮೊದ್ಲು ಕೈ. ನಮ್ಮಲ್ಲಿ ಮಳೆ ಹಿಡಿದ್ರೆ ಬಟ್ಟೆನೇ ಒಣಗಲ್ಲ, ಮೊಳೆಗೆ ಒಂದೇ ಟವೆಲ್ ನೇತಾಕಿ ಇಪ್ಪತ್ತು ಮಕ್ಕಳು ಅದ್ರಲ್ಲೇ ಕೈನೂ ಮೂಗೂ ಒರೆಸ್ಕೊಂಡ್ರೆ ಒಬ್ರ ನೆಗಡಿ ಎಲ್ರಿಗೂ ಹತ್ತುತ್ತೆ. ಊಟಕ್ಕೆ ಮುಂಚೆ, ಟಾಯ್ಲೆಟ್‌ಗೆ ಹೋಗಿಬಂದ ಮೇಲೆ ಸೋಪ್ ಹಾಕಿ 20 ಸೆಕೆಂಡ್ ಉಜ್ಜಿಸ್ತಾರಾ ನೋಡಿ. ಕುಡಿಯೋ ನೀರು ಕುದಿಸಿ ಆರಿಸಿದ್ದಾ ಕೇಳಿ. ಬೇಧಿ ಶುರುವಾದ್ರೆ ಓಆರ್‌ಎಸ್‌ನ 1 ಲೀಟರ್ ಪ್ಯಾಕೆಟ್ ಪೂರ್ತಿ 1 ಲೀಟರ್ ನೀರಿಗೇ ಕಲಸ್ಬೇಕು, ಲೋಟಕ್ಕೆ ಒಂಚೂರು ಪುಡಿ ಅಂತ ಕಣ್ಣಂದಾಜು ಬೇಡ, ಜೊತೆಗೆ ಡಾಕ್ಟರ್ ಕೊಟ್ಟ ಝಿಂಕ್ ಮಾತ್ರೆ 14 ದಿನ, ನಿಂತೋಯ್ತು ಅಂತ ಮಧ್ಯದಲ್ಲಿ ಬಿಡಬೇಡಿ.

ಇನ್ನೊಂದು ಯಾರೂ ಕೇಳೋದೇ ಇಲ್ಲ, ಅದು ಗಂಟಲಿಗೆ ಸಿಕ್ಕಾಕೊಳ್ಳೋದು. ನಮ್ಮಲ್ಲೇ ಒಬ್ಬ ಹುಡುಗ ಮನೆಯಿಂದ ತಂದ ಕಡ್ಲೆಮಿಠಾಯಿ ಬಾಯಲ್ಲಿ ಇಟ್ಕೊಂಡು ಓಡ್ತಿದ್ದ, ಇದ್ದಕ್ಕಿದ್ದಂಗೆ ನಿಂತ, ಕೆಮ್ಮೂ ಇಲ್ಲ ಅಳೂನೂ ಇಲ್ಲ, ತುಟಿ ನೀಲಿ. ತೊಡೆ ಮೇಲೆ ಬಗ್ಗಿಸಿ ಬೆನ್ನಿನ ಎರಡು ಹೆಗಲಮೂಳೆ ಮಧ್ಯೆ ಅಂಗೈ ಬುಡದಿಂದ ಗುದ್ದಿದೆ, ನಾಲ್ಕನೇದಕ್ಕೆ ಅರ್ಧ ಕಡ್ಲೆಬೀಜ ಹೊರಗೆ ಬಿತ್ತು, ಆಮೇಲೆ ಅವನು ಅತ್ತಿದ್ದು ಕೇಳಿ ನನಗೆ ಜೀವ ಬಂತು. ಹಾಗೆ 5 ಸಲ, ಬರ್ಲಿಲ್ಲ ಅಂದ್ರೆ ಹಿಂದಿನಿಂದ ತಬ್ಬಿ ಹೊಕ್ಕಳಿನ ಮೇಲ್ಗಡೆ ಮುಷ್ಟಿ ಇಟ್ಟು ಒಳಕ್ಕೆ ಮೇಲಕ್ಕೆ 5 ಸಲ ಒತ್ತಬೇಕು (ಒಂದು ವರ್ಷದ ಒಳಗಿನ ಕೂಸಿಗೆ ಹೊಟ್ಟೆ ಒತ್ತಬಾರ್ದು), ಮಧ್ಯೆ ಯಾರಾದ್ರೂ 108ಕ್ಕೆ ಫೋನ್ ಮಾಡ್ಬೇಕು. ಕಾಣದೆ ಬಾಯೊಳಗೆ ಬೆರಳು ಹಾಕಿದ್ರೆ ಇನ್ನೂ ಒಳಗೆ ಹೋಗುತ್ತೆ. ಇದು ಅಲ್ಲಿನ ಟೀಚರ್‌ಗೆ, ಆಯಾಗೆ ಇಬ್ರಿಗೂ ಗೊತ್ತಾ ಅಂತ ಸಂಕೋಚ ಇಲ್ದೆ ಕೇಳಿ. ದ್ರಾಕ್ಷಿ ಉದ್ದಕ್ಕೆ ಸೀಳಿ ಕೊಡ್ಲಿ, ಮೊಟ್ಟೆ ಚೂರು ಮಾಡಿ, ಮಕ್ಕಳು ಕೂತ್ಕೊಂಡೇ ತಿನ್ಲಿ.

ಜ್ವರ ಇದ್ರೆ ಮನೇಲಿಟ್ಕೊಳಿ ಅಂತ ನಾವು ಹೇಳ್ತೀವಿ, ಆದ್ರೆ ಕಾಫಿ ಕುಯ್ಲಿನ ಟೈಮಲ್ಲಿ ಅಮ್ಮಂದ್ರಿಗೆ ಒಂದಿನದ ಕೂಲಿ ಬಿಡೋದು ಎಷ್ಟು ಕಷ್ಟ ಅಂತ ನಂಗೊತ್ತು. ನಿಮಗೆ ಆಗುತ್ತೆ ಅಂದ್ರೆ ಇಟ್ಕೊಳಿ.

ಹೋಗುವಾಗ ತಾಯಿ ಕಾರ್ಡ್ ತಗೊಂಡೋಗಿ, ಒಂದೂವರೆ ವರ್ಷದ ಬೂಸ್ಟರ್ ಲಸಿಕೆ ಬಿಟ್ಟೋಗಿದ್ರೆ ಅಲ್ಲೇ ಆಶಾ ಅಕ್ಕನ ಹತ್ರ ಕೇಳಿ. ಬ್ಯಾಗಲ್ಲಿ ಒಂದು ಜೊತೆ ಒಣಬಟ್ಟೆ ಕವರ್ ಒಳಗೆ ಹಾಕಿ ಕಳಿಸಿ, ಹೆಸರು ಬರೆದ ಸಣ್ಣ ಟವೆಲ್ಲೂ.